ಶಿರಸಿಯಿಂದ ಕಾರವಾರಕ್ಕೆ: ಇಂಗ್ಲಿಷಿನ ದಾರಿಮಾತುಗಳು

ಪದವಿ ಮುಗಿಸಿ ಬೆಂಗಳೂರು, ಪುಣೆ, ಮುಂಬಯಿಗಳಲ್ಲಿ ಕೆಲಸ ಹುಡುಕುತ್ತಿರುವ ನಮ್ಮ ಭಾಗದ ಹುಡುಗ ಹುಡುಗಿಯರಿಗೆ ಸಂಜೆ ಹೊತ್ತು ಶಿರಸಿಯಲ್ಲಿ ಇಂಗ್ಲಿಷ್ ಮಾತನಾಡುವುದನ್ನು ಕಲಿಸುತ್ತೇನೆ. ಅವರಲ್ಲಿ ಹೆಚ್ಚಿನವರಿಗೆ ವ್ಯಾಕರಣ ಚೆನ್ನಾಗಿಯೇ ಬರುತ್ತದೆ. ಕರ್ತರಿ ಪ್ರಯೋಗದ ವಾಕ್ಯವನ್ನು ಕರ್ಮಣಿಗೆ ತಿರುಗಿಸು ಎಂದರೆ ತಡವಿಲ್ಲದೆ ತಿರುಗಿಸುತ್ತಾರೆ. ಆದರೆ ಬೆಳಗ್ಗೆ ಮನೆಯಿಂದ ಹೊರಟದ್ದು, ಬಸ್ಸು ಹತ್ತಿದ್ದು, ಘಟ್ಟದಲ್ಲಿ ಅರ್ಧ ತಾಸು ತಡೆದು ನಿಂತದ್ದು, ಕುಮಟೆಯಲ್ಲಿ ರೈಲು ತಪ್ಪಿದ್ದು, ಕೊನೆಗೂ ಹೊತ್ತಿಗೆ ಸರಿಯಾಗಿ ಊರು ಮುಟ್ಟಿದ್ದು, ಇಷ್ಟನ್ನು ಇಂಗ್ಲಿಷಿನಲ್ಲಿ ಹೇಳು ಎಂದರೆ ಅದೇ ಮಕ್ಕಳು ತಡವರಿಸುತ್ತಾರೆ. ಅವರಿಗೆ ಪುಸ್ತಕದಿಂದ ಸಿಕ್ಕಿರುವುದು ‘ಟ್ರಾವೆಲ್’, ‘ಸ್ಟಾರ್ಟ್’, ‘ರೀಚ್’ ಎಂಬ ಮೂರ್ನಾಲ್ಕು ದೊಡ್ಡ ಕ್ರಿಯಾಪದಗಳು ಮಾತ್ರ. ಇಂಗ್ಲಿಷಾದರೋ ದಾರಿಯನ್ನು ಸಣ್ಣ ಸಣ್ಣ ಕ್ಷಣಗಳಾಗಿ ಬಿಡಿಸಿಕೊಂಡು, ‘ಸೆಟ್’, ‘ಗೆಟ್’, ‘ಪುಲ್’, ‘ಡ್ರಾಪ್’, ‘ಮೇಕ್’ ಎಂಬ ಪುಟ್ಟ ಕ್ರಿಯಾಪದಗಳಿಗೆ ‘ಆಫ್’, ‘ಇನ್’, ‘ಔಟ್’, ‘ಓವರ್’ ಮುಂತಾದವನ್ನು ಜೋಡಿಸಿ, ಒಂದೊಂದು ಕ್ಷಣಕ್ಕೂ ಒಂದೊಂದು ಮಾತನ್ನು ಇಟ್ಟುಕೊಂಡಿದೆ.

ಇವನ್ನು ಅಕಾರಾದಿಯಾಗಿ ಪಟ್ಟಿ ಮಾಡಿ ಬಾಯಿಪಾಠ ಮಾಡಿಸುವುದರಲ್ಲಿ ನನಗೆ ನಂಬಿಕೆಯಿಲ್ಲ. ತಾನು ನೂರು ಸಲ ಓಡಾಡಿದ ದಾರಿಯ ಮೇಲೆ ಒಂದೊಂದು ಮಾತನ್ನು ಅದರ ಜಾಗದಲ್ಲಿ ಇಟ್ಟು ನೋಡಿದವನಿಗೆ ಅದು ಮರೆಯುವುದಿಲ್ಲ ಎಂಬುದು ನಾನು ಕಂಡುಕೊಂಡ ಸಂಗತಿ. ಆದ್ದರಿಂದ ಕರಿಹಲಗೆಯ ಬಲತುದಿಯಲ್ಲಿ ಶಿರಸಿ, ಎಡತುದಿಯಲ್ಲಿ ಸಮುದ್ರ, ನಡುವೆ ದೇವಿಮನೆ ಘಟ್ಟಕ್ಕೆಂದು ಒಂದು ಅಂಕುಡೊಂಕು ಗೆರೆ, ಕುಮಟೆಯಿಂದ ಬಡಗಣಕ್ಕೆ ಕಾರವಾರದವರೆಗೆ ರೈಲು ಹಳಿ, ಇಷ್ಟನ್ನು ಬರೆದುಕೊಂಡು ಪಾಠ ಶುರು ಮಾಡುತ್ತೇನೆ. ಅದೇ ದಾರಿಯಲ್ಲಿ ಇಲ್ಲಿಯೂ ಹೋಗುತ್ತೇನೆ.

ಮೊದಲು ಹೊರಡುವುದು. ನಮ್ಮವರು ‘ಐ ಸ್ಟಾರ್ಟೆಡ್ ಫ್ರಮ್ ಹೋಮ್ ಅಟ್ ಸಿಕ್ಸ್’ ಎನ್ನುತ್ತಾರೆ. ಭಾರತದೊಳಗೆ ಇದು ಎಲ್ಲರಿಗೂ ಅರ್ಥವಾಗುತ್ತದೆ, ಆದರೆ ಇಂಗ್ಲಿಷರ ಮನೆಮಾತಿನಲ್ಲಿ ಈ ಕ್ಷಣಕ್ಕೆ ‘ಸೆಟ್ ಆಫ್’ ಅಥವಾ ಬರಿಯ ‘ಲೆಫ್ಟ್’ ಬರುತ್ತದೆ: ‘ವಿ ಸೆಟ್ ಆಫ್ ಅಟ್ ಸಿಕ್ಸ್’. ಇದರ ಹತ್ತಿರದ ನಂಟ ‘ಸೆಟ್ ಔಟ್’. ಹಲವೆಡೆ ಎರಡನ್ನೂ ಒಂದೇ ಅರ್ಥದಲ್ಲಿ ಬಳಸಬಹುದಾದರೂ, ‘ಸೆಟ್ ಔಟ್’ನಲ್ಲಿ ದೂರದ ದಾರಿ ಅಥವಾ ಮನಸ್ಸಿನ ಒಂದು ಉದ್ದೇಶ ಸೇರಿಕೊಂಡಿರುತ್ತದೆ, ಅದಕ್ಕಾಗಿಯೇ ‘ಶಿ ಸೆಟ್ ಔಟ್ ಟು ಬಿಕಮ್ ಎ ಡಾಕ್ಟರ್’ ಎಂದರೆ ಸರಿಹೋಗುತ್ತದೆ, ‘ಸೆಟ್ ಆಫ್’ ಅಲ್ಲಿ ಹೊಂದುವುದಿಲ್ಲ. ಹೊರಡುವಾಗ ‘ಹೋಗುತ್ತೇನೆ’ ಎನ್ನಬಾರದು, ‘ಹೋಗಿ ಬರುತ್ತೇನೆ’ ಎನ್ನಬೇಕು ಎಂದು ಅಜ್ಜಿಯರಿಂದ ಹೇಳಿಸಿಕೊಂಡು ಬೆಳೆದ ನಮ್ಮ ಮಕ್ಕಳಿಗೆ ‘ಐ ಆಮ್ ಆಫ್’ ಎಂಬ ಮಾತು ಮೊದಲು ಒರಟಾಗಿ ಕೇಳಿಸುತ್ತದೆ. ಅದರಲ್ಲಿ ಒರಟುತನವಿಲ್ಲ, ಆಪ್ತರ ನಡುವೆ ದಿನವೂ ಆಡುವ ಮಾತು ಅದು. ಬಸ್ ನಿಲ್ದಾಣದವರೆಗೆ ಬಂದು ಕೈಬೀಸಿ ಕಳಿಸಿಕೊಡುವುದಕ್ಕೆ ‘ಸೀ ಆಫ್’ ಎನ್ನುತ್ತಾರೆ. ಈ ಮಾತು ನಮ್ಮಲ್ಲಿ ಈಗಾಗಲೇ ಬಳಕೆಯಲ್ಲಿದ್ದರೂ ವಾಕ್ಯದಲ್ಲಿ ಅದರ ನಡುವೆ ವ್ಯಕ್ತಿ ಬರಬೇಕೆಂಬುದು ಅನೇಕರಿಗೆ ಹೊಳೆಯುವುದಿಲ್ಲ: ‘ಮೈ ಬ್ರದರ್ ಕೇಮ್ ಟು ಸೀ ಮಿ ಆಫ್’.

ಬಸ್ಸು ಹತ್ತುವಲ್ಲಿ, ಇಳಿಯುವಲ್ಲಿ ಒಂದು ಒಳ್ಳೆಯ ಸೂತ್ರವಿದೆ. ಒಳಗೆ ಎದ್ದು ನಿಂತು ನಡೆದಾಡಬಹುದಾದ ವಾಹನಕ್ಕೆ ‘ಗೆಟ್ ಆನ್’, ‘ಗೆಟ್ ಆಫ್’. ಬಗ್ಗಿ ಒಳಹೊಕ್ಕು ಕುಳಿತುಕೊಳ್ಳುವುದಕ್ಕೆ ‘ಗೆಟ್ ಇನ್’, ‘ಗೆಟ್ ಔಟ್ ಆಫ್’. ಬಸ್ಸು, ರೈಲು, ಹಡಗು, ವಿಮಾನ ಮೊದಲ ಗುಂಪು. ಕಾರು, ಟ್ಯಾಕ್ಸಿ ಎರಡನೆಯದು. ಬೈಕು, ಸೈಕಲ್ಲುಗಳ ಮೇಲೆ ಏರಿ ಕೂರುವುದರಿಂದ ಅವೂ ಮೊದಲ ಗುಂಪಿಗೆ ಸೇರುತ್ತವೆ. ‘ಐ ಗಾಟ್ ಡೌನ್ ಅಟ್ ಕುಮಟಾ’ ಎಂಬುದು ನಮ್ಮ ‘ಇಳಿದೆ’ ಎಂಬುದರಿಂದ ಹುಟ್ಟಿದ ಭಾರತೀಯ ಇಂಗ್ಲಿಷು. ಹೊರಗಿನವರೊಡನೆ ಮಾತನಾಡುವಾಗ ‘ಐ ಗಾಟ್ ಆಫ್ ಅಟ್ ಕುಮಟಾ’ ಎಂದರೆ ಕೇಳುವವರು ಎಡವುವುದಿಲ್ಲ. ‘ಡ್ರಾಪ್’ ವಿಷಯವೂ ಹಾಗೆಯೇ. ‘ಡ್ರಾಪ್ ಮಿ ನಿಯರ್ ದ ಬಸ್ ಸ್ಟ್ಯಾಂಡ್’ ಎನ್ನುವ ಕಡೆ ‘ಡ್ರಾಪ್ ಮಿ ಆಫ್’ ಎಂದು ಪೂರ್ತಿ ಹೇಳುವುದು ಒಳ್ಳೆಯದು. ಆದರೆ ವ್ಯಕ್ತಿಯನ್ನು ಬಿಟ್ಟು ಬರಿದೇ ‘ಐ ಡ್ರಾಪ್ಡ್ ಆಫ್’ ಎಂದರೆ ನಿದ್ದೆ ಹೋದೆ ಎಂದು ಅರ್ಥವಾಗುತ್ತದೆ. ಬೆಳಗಿನ ಮೊದಲ ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿದವರಿಗೆ ಬಹಳ ಬೇಗ ಬೇಕಾಗುವ ಮಾತು ಅದು.

ಬಸ್ಸು ಊರು ದಾಟಿತು ಎಂದಿಟ್ಟುಕೊಳ್ಳೋಣ. ಈಗ ಬರುವುದು ‘ಆನ್ ದ ವೇ’. ಕಳೆದ ಮಳೆಗಾಲದಲ್ಲಿ ನನ್ನ ಒಬ್ಬ ವಿದ್ಯಾರ್ಥಿನಿ ಕುಮಟೆಗೆ ಹೋಗುವ ಬಸ್ಸಿನಿಂದ ಸಂದರ್ಶಕರಿಗೆ ಫೋನ್ ಮಾಡಿದ್ದಳು. ಕಿಟಕಿಯ ಶಟರ್ ಇಳಿಸಿದ್ದರೂ ಸಂದಿಯಿಂದ ನೀರು ತೊಟ್ಟಿಕ್ಕುತ್ತಿತ್ತಂತೆ, ಕಾಡಿನೊಳಗೆ ಹೋದಂತೆ ಸಿಗ್ನಲ್ ಹೋಗಿ ಬಂದು ಮಾಡುತ್ತಿತ್ತಂತೆ. ಸಿಕ್ಕ ಒಂದೆರಡು ನಿಮಿಷದಲ್ಲಿ ಅವಳು ಹೇಳಿದ್ದು ‘ಸರ್, ಐ ಆಮ್ ಇನ್ ದ ವೇ’ ಎಂದು. ‘ದಾರಿಯಲ್ಲಿದ್ದೇನೆ’ ಎಂಬ ಕನ್ನಡದ ಸಪ್ತಮಿಯನ್ನು ಹಾಗೆಯೇ ಇಂಗ್ಲಿಷಿಗೆ ಕೊಂಡೊಯ್ದರೆ ಬರುವ ರೂಪ ಇದು. ಆದರೆ ‘ಇನ್ ದ ವೇ’ ಎಂದರೆ ಅಡ್ಡ ನಿಂತಿದ್ದೇನೆ, ತೊಡಕಾಗಿದ್ದೇನೆ ಎಂದರ್ಥ. ಅವಳು ಹೇಳಬೇಕಿದ್ದದ್ದು ‘ಐ ಆಮ್ ಆನ್ ಮೈ ವೇ’. ಆ ಕಡೆಯವರು ಅರ್ಥ ಮಾಡಿಕೊಂಡರು, ಸಂದರ್ಶನವೂ ನಡೆಯಿತು. ಮಾರನೆಯ ದಿನದ ಪಾಠವೆಲ್ಲ ‘ವೇ’ಯ ಸುತ್ತಲೇ ಆಯಿತು. ಕೆಲಸ ಶುರುವಾಗಿ ನಡೆಯುತ್ತಿದ್ದರೆ ‘ಅಂಡರ್ ವೇ’, ಮಾತಿನ ನಡುವೆ ಬೇರೆ ಸಂಗತಿ ನೆನಪಾದರೆ ‘ಬೈ ದ ವೇ’, ಒಂದು ಊರು ಮುಖ್ಯರಸ್ತೆಯಿಂದ ದೂರ ಒಳಗಿದ್ದರೆ ‘ಔಟ್ ಆಫ್ ದ ವೇ’. ಯಾಣದ ಬಂಡೆಗಳನ್ನು ನೋಡಲು ಹೆದ್ದಾರಿ ಬಿಟ್ಟು ಒಳಕ್ಕೆ ಹೋಗಬೇಕಲ್ಲ, ಅದು ‘ಔಟ್ ಆಫ್ ದ ವೇ’ ಜಾಗ. ತನಗೆ ತೊಂದರೆಯಾದರೂ ಇನ್ನೊಬ್ಬರಿಗಾಗಿ ಶ್ರಮ ತೆಗೆದುಕೊಂಡವರನ್ನು ಕುರಿತು ‘ಹಿ ವೆಂಟ್ ಔಟ್ ಆಫ್ ಹಿಸ್ ವೇ ಟು ಹೆಲ್ಪ್’ ಎನ್ನುವುದು ಇದರಿಂದಲೇ: ತನ್ನ ದಾರಿ ಬಿಟ್ಟು ಬಳಸಿಕೊಂಡು ಬಂದ ಎಂಬ ಚಿತ್ರ ಅದರೊಳಗಿದೆ.

ದೇವಿಮನೆ ಘಟ್ಟದ ನೆತ್ತಿಯಲ್ಲಿ ದೇವಿಯ ಗುಡಿಯ ಮುಂದೆ ಚಾಲಕರು ವಾಹನವನ್ನು ಬದಿಗೆ ತಂದು ನಿಲ್ಲಿಸುತ್ತಾರಲ್ಲ, ಅದು ‘ಪುಲ್ ಓವರ್’. ಬಸ್ಸು ನಿಲ್ದಾಣದೊಳಕ್ಕೆ ಬಂದು ನಿಲ್ಲುವುದು ‘ಪುಲ್ ಇನ್’, ಅಲ್ಲಿಂದ ಹೊರಡುವುದು ‘ಪುಲ್ ಔಟ್’. ದಾರಿಯಲ್ಲಿ ಹೊಟ್ಟೆಗೆ ಏನಾದರೂ ಹಾಕಿಕೊಳ್ಳಲು, ನಮ್ಮ ಕಡೆಯವರ ಮಾತಿನಲ್ಲಿ ಆಸರಿಗೆಂದು, ಸ್ವಲ್ಪ ಹೊತ್ತು ನಿಲ್ಲುವುದಕ್ಕೆ ‘ಸ್ಟಾಪ್ ಆಫ್’ ಎನ್ನಬಹುದು. ಕಾರು ರೇಸಿನಿಂದ ಬಂದ ‘ಪಿಟ್ ಸ್ಟಾಪ್’ ಕೂಡ ಈಗ ಇದೇ ಅರ್ಥದಲ್ಲಿ ಎಲ್ಲೆಲ್ಲೂ ಕೇಳಿಬರುತ್ತದೆ.

ಘಟ್ಟದ ಬಗ್ಗೆ ನಾನು ಹೆಚ್ಚು ಹೊತ್ತು ನಿಲ್ಲುತ್ತೇನೆ, ಏಕೆಂದರೆ ಇಂಗ್ಲಿಷಿನ ಎರಡು ಮುಖ್ಯ ನುಡಿಗಟ್ಟುಗಳನ್ನು ಅರ್ಥ ಮಾಡಿಕೊಳ್ಳಲು ನಮ್ಮ ನೆಲಕ್ಕಿಂತ ಒಳ್ಳೆಯ ಜಾಗ ಸಿಗಲಾರದು. ಮೊದಲನೆಯದು ‘ಡೌನ್‌ಹಿಲ್’. ‘ಇಟ್ಸ್ ಆಲ್ ಡೌನ್‌ಹಿಲ್ ಫ್ರಮ್ ಹಿಯರ್’ ಎಂಬ ಒಂದೇ ವಾಕ್ಯಕ್ಕೆ ಪರಸ್ಪರ ವಿರುದ್ಧವಾದ ಎರಡು ಅರ್ಥಗಳಿವೆ. ಏರು ಮುಗಿಯಿತು, ಇನ್ನು ಕಷ್ಟವಿಲ್ಲ ಎಂಬುದು ಒಂದು. ಇನ್ನು ಎಲ್ಲವೂ ಇಳಿಮುಖ, ಹಾಳಾಗುತ್ತ ಹೋಗುತ್ತದೆ ಎಂಬುದು ಇನ್ನೊಂದು. ಯಾವ ಅರ್ಥವೆಂಬುದನ್ನು ಸಂದರ್ಭ ಹೇಳಬೇಕು. ಆದರೆ ‘ಗೋ’ ಜೊತೆಗೆ ಬಂದಾಗ, ಅಂದರೆ ‘ಹಿಸ್ ಹೆಲ್ತ್ ವೆಂಟ್ ಡೌನ್‌ಹಿಲ್’ ಎಂಬಂಥ ವಾಕ್ಯಗಳಲ್ಲಿ, ಯಾವಾಗಲೂ ಕೆಟ್ಟ ಅರ್ಥವೇ. ಕಷ್ಟದ ಕೆಲಸಕ್ಕೆ ‘ಆನ್ ಅಪ್‌ಹಿಲ್ ಟಾಸ್ಕ್’ ಎನ್ನುವುದರಲ್ಲಿ ಇಂಥ ಗೊಂದಲವಿಲ್ಲ. ಘಟ್ಟದ ಕೆಳಗಿನಿಂದ ಅಡಿಕೆಯ ಲಾರಿಯೋ ಮೀನಿನ ಗಾಡಿಯೋ ಒಂದನೇ ಗೇರಿನಲ್ಲಿ ಏರಿ ಬರುವ ಸದ್ದು ಕೇಳಿದವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ತಿರುವುಗಳಲ್ಲಿ ಇಳಿಯುವುದೇ ಏರುವುದಕ್ಕಿಂತ ಕಷ್ಟ ಎಂದು ನಮ್ಮ ಬಸ್ ಚಾಲಕರು ಹೇಳುತ್ತಾರೆ. ಅವರ ಮಾತಿನ ಬೆಳಕಿನಲ್ಲಿ ನೋಡಿದರೆ ‘ಡೌನ್‌ಹಿಲ್’ ಎರಡು ಮುಖದ ಮಾತಾದದ್ದು ಸಹಜವೆನಿಸುತ್ತದೆ.

ಎರಡನೆಯದು ‘ವಾಟರ್‌ಶೆಡ್’. ಪತ್ರಿಕೆಗಳಲ್ಲಿ ‘ಎ ವಾಟರ್‌ಶೆಡ್ ಮೊಮೆಂಟ್’ ಎಂದು ಓದಿದ ವಿದ್ಯಾರ್ಥಿಗಳು ಅದನ್ನು ಮಹತ್ವದ ಕ್ಷಣ ಎಂದಷ್ಟೇ ತಿಳಿದಿರುತ್ತಾರೆ, ನಮ್ಮಲ್ಲಿ ಜಲಾನಯನ ಯೋಜನೆಗಳಿಂದಾಗಿ ಆ ಪದ ಬೇರೆ ರೀತಿಯಲ್ಲಿ ಪರಿಚಯವಾಗಿರುವುದೂ ಉಂಟು. ಅದರ ಹಳೆಯ ಅರ್ಥ ನೀರು ಇಬ್ಭಾಗವಾಗುವ ದಿಣ್ಣೆಯ ಸಾಲು. ಶಿರಸಿ ತಾಲೂಕಿನಲ್ಲಿ ಅದು ನಮ್ಮ ಕಾಲಡಿಯಲ್ಲೇ ಇದೆ. ಊರೊಳಗಿನ ಶಂಕರ ಹೊಂಡದ ಕಡೆಯಿಂದ ಹರಿಯತೊಡಗುವ ಅಘನಾಶಿನಿ ಪಶ್ಚಿಮಕ್ಕೆ ಹೋಗಿ, ಉಂಚಳ್ಳಿಯಲ್ಲಿ 116 ಮೀಟರ್ ಎತ್ತರದಿಂದ ಧುಮುಕಿ, ಕುಮಟಾ ತಾಲೂಕಿನಲ್ಲಿ ಅರಬ್ಬಿ ಸಮುದ್ರವನ್ನು ಸೇರುತ್ತದೆ. ಇದೇ ತಾಲೂಕಿನ ಪೂರ್ವಕ್ಕಿರುವ ಬನವಾಸಿಯನ್ನು ಬಳಸಿಕೊಂಡು ಹರಿಯುವ ವರದೆ ಮಾತ್ರ ತುಂಗಭದ್ರೆಯನ್ನು ಕೂಡಿ, ಕೃಷ್ಣೆಯಾಗಿ, ಬಂಗಾಳ ಕೊಲ್ಲಿಗೆ ಹೋಗುತ್ತದೆ. ಒಂದೇ ಮೋಡದಿಂದ ಬಿದ್ದ ಮಳೆಯಲ್ಲಿ ಈ ಕಡೆ ಬಿದ್ದ ಹನಿ ಒಂದು ಕಡಲಿಗೆ, ಆ ಕಡೆ ಬಿದ್ದ ಹನಿ ಇನ್ನೊಂದು ಕಡಲಿಗೆ. ಯಾವ ಘಟನೆಯ ನಂತರ ಎಲ್ಲದರ ಹರಿವೂ ಬೇರೆ ದಿಕ್ಕಿಗೆ ತಿರುಗುತ್ತದೆಯೋ ಅದು ‘ವಾಟರ್‌ಶೆಡ್’. ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಬಂದದ್ದು ಸಂತೋಷದ ಸಂಗತಿ, ಆದರೆ ‘ವಾಟರ್‌ಶೆಡ್’ ಅಲ್ಲ; ಕೊಂಕಣ ರೈಲ್ವೆ ಬಂದದ್ದು ನಮ್ಮ ಕರಾವಳಿಗೆ ‘ವಾಟರ್‌ಶೆಡ್’. ಬ್ರಿಟನ್ನಿನ ಟೆಲಿವಿಷನ್ನಿನಲ್ಲಿ ದೊಡ್ಡವರಿಗೆ ಮಾತ್ರ ತಕ್ಕ ಕಾರ್ಯಕ್ರಮಗಳನ್ನು ರಾತ್ರಿ 9ರ ನಂತರವೇ ತೋರಿಸಬೇಕೆಂಬ ನಿಯಮವಿದ್ದು, ಆ ಹೊತ್ತನ್ನೂ ‘ವಾಟರ್‌ಶೆಡ್’ ಎಂದೇ ಕರೆಯುತ್ತಾರೆ. ನಾವು ಕನ್ನಡದಲ್ಲಿ ‘ನಿರ್ಣಾಯಕ ಘಟ್ಟ’ ಎನ್ನುವುದು ಇದಕ್ಕೆ ತೀರ ಹತ್ತಿರದ ಮಾತು, ಮತ್ತು ಎರಡೂ ಬೆಟ್ಟದ ಮಾತುಗಳೇ.

ದಾರಿ ತಡೆದಾಗ ಬರುವ ಮಾತುಗಳಲ್ಲಿ ತೀವ್ರತೆಯ ಮೆಟ್ಟಿಲುಗಳಿವೆ. ಘಟ್ಟದಲ್ಲಿ ರಸ್ತೆ ಅಗಲೀಕರಣದ ಕೆಲಸಕ್ಕೆಂದು ಸ್ವಲ್ಪ ಹೊತ್ತು ವಾಹನಗಳನ್ನು ನಿಲ್ಲಿಸಿದರೆ ‘ವಿ ವರ್ ಹೆಲ್ಡ್ ಅಪ್’. ಮುಂದೆ ಒಂದು ಲಾರಿ ಕೆಟ್ಟು ನಿಂತು, ಹಿಂದೆಯೂ ಮುಂದೆಯೂ ಹೋಗಲಾಗದಿದ್ದರೆ ‘ವಿ ವರ್ ಸ್ಟಕ್’. ರಾತ್ರಿಯಾಗಿ, ಮುಂದೆ ಹೋಗಲು ಯಾವ ಉಪಾಯವೂ ಇಲ್ಲದೆ ಉಳಿದುಬಿಟ್ಟರೆ ‘ವಿ ವರ್ ಸ್ಟ್ರ್ಯಾಂಡೆಡ್’. ಈ ಕೊನೆಯದು ಕಡಲಿನಿಂದ ಬಂದ ಮಾತು; ‘ಸ್ಟ್ರ್ಯಾಂಡ್’ ಎಂದರೆ ಮರಳದಂಡೆ, ನೀರಿಳಿದಾಗ ದಂಡೆಯಲ್ಲಿ ಸಿಕ್ಕಿಕೊಂಡ ಹಡಗಿನ ಸ್ಥಿತಿ ಅದು. ರಸ್ತೆಯೇ ಇಲ್ಲವಾಗಿ ಒಂದು ಊರಿಗೆ ಹೊರಗಿನ ಸಂಪರ್ಕ ಕಡಿದುಹೋದರೆ ‘ಕಟ್ ಆಫ್’. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು, ಜೀವಗಳು ಹೋಗಿ, ರಾಷ್ಟ್ರೀಯ ಹೆದ್ದಾರಿ 66 ಮುಚ್ಚಿದಾಗ ಈ ಮಾತುಗಳನ್ನೆಲ್ಲ ನಾವು ಇಂಗ್ಲಿಷ್ ಪತ್ರಿಕೆಗಳಲ್ಲಿ ದಿನವೂ ಓದಿದೆವು. ಅವುಗಳಲ್ಲಿ ಯಾವುದನ್ನು ಎಲ್ಲಿ ಬಳಸಬೇಕೆಂಬ ಎಚ್ಚರ ಬರಿಯ ಭಾಷೆಯ ನಯದ ವಿಷಯವಲ್ಲ. ನೆರವು ಕೇಳಿ ಫೋನ್ ಮಾಡುವವನು ‘ಹೆಲ್ಡ್ ಅಪ್’ ಎಂದರೆ ಕೇಳಿದವರು ಕಾಯುತ್ತಾರೆ, ‘ಸ್ಟ್ರ್ಯಾಂಡೆಡ್’ ಎಂದರೆ ಹೊರಡುತ್ತಾರೆ.

ಸುತ್ತುದಾರಿಗೆ ‘ಡೀಟೂರ್’ ಎಂದೂ ‘ಡೈವರ್ಷನ್’ ಎಂದೂ ಎರಡು ಮಾತುಗಳಿವೆ. ಬ್ರಿಟನ್ನಿನಲ್ಲಿ ಪೊಲೀಸರು ಫಲಕ ಇಟ್ಟು ತಿರುಗಿಸಿ ಕಳಿಸಿದರೆ ‘ಡೈವರ್ಷನ್’, ನಾವೇ ಬೇಕೆಂದು ಸುತ್ತಿ ಹೋದರೆ ‘ಡೀಟೂರ್’. ಅಮೆರಿಕದವರು ಎರಡಕ್ಕೂ ‘ಡೀಟೂರ್’ ಎನ್ನುತ್ತಾರೆ. ದೇವಿಮನೆ ಬಂದಾದಾಗ ಯಲ್ಲಾಪುರ ಸುತ್ತಿ ಅರಬೈಲು ಘಟ್ಟದಲ್ಲಿ ಅಂಕೋಲೆಗೆ ಇಳಿಯುವುದೋ, ಸಿದ್ದಾಪುರ, ಮಾವಿನಗುಂಡಿ ಮಾರ್ಗವಾಗಿ ಹೊನ್ನಾವರಕ್ಕೆ ಇಳಿಯುವುದೋ ನಮಗೆಲ್ಲ ಅಭ್ಯಾಸವಾಗಿದೆ. ಅರ್ಧದಾರಿಯಿಂದ ಹಿಂದಿರುಗುವುದು ‘ಟರ್ನ್ ಬ್ಯಾಕ್’. ಹಿಂದಿರುಗಲು ಸಾಧ್ಯವೇ ಇಲ್ಲದ ಜಾಗ ‘ದ ಪಾಯಿಂಟ್ ಆಫ್ ನೋ ರಿಟರ್ನ್’. ಇದು ವಿಮಾನಯಾನದ ಲೆಕ್ಕದಿಂದ ಬಂದದ್ದು, ಉಳಿದ ಇಂಧನದಲ್ಲಿ ಹೊರಟ ನೆಲೆಗೆ ಮರಳಲಾಗದ ಹಂತವನ್ನು ದಾಟಿದ ವಿಮಾನ ಮುಂದಕ್ಕೇ ಹೋಗಬೇಕು.

ರಸ್ತೆ ಬದಿಯ ಕಲ್ಲುಗಳ ಬಗ್ಗೆ ಒಂದು ಮಾತು. ಹಳದಿ ತಲೆಯ ಕಲ್ಲು ರಾಷ್ಟ್ರೀಯ ಹೆದ್ದಾರಿಯದು, ಹಸಿರು ತಲೆಯದು ರಾಜ್ಯ ಹೆದ್ದಾರಿಯದು ಎಂಬುದು ಮಕ್ಕಳಿಗೆ ಗೊತ್ತು. ಅವುಗಳ ಮೇಲಿನ ಲೆಕ್ಕ ಕಿಲೋಮೀಟರಿಗೆ ಬದಲಾಗಿ ಬಹುಕಾಲ ಕಳೆದರೂ ನಾವು ಅವನ್ನು ಮೈಲಿಗಲ್ಲು ಎಂದೇ ಕರೆಯುತ್ತೇವೆ, ಸಾಧನೆಗಳಿಗೂ ಅದೇ ಹೆಸರು ಕೊಡುತ್ತೇವೆ. ‘ಮೈಲ್‌ಸ್ಟೋನ್’ ಬಳಸುವಾಗ ಒಂದು ಎಚ್ಚರ ಬೇಕು: ಕಲ್ಲು ಯಾವಾಗಲೂ ದಾರಿಯ ನಡುವೆ ಇರುತ್ತದೆ. ಮುಂದೆ ಇನ್ನೂ ಸಾಗುವುದಿದ್ದರೆ ಮಾತ್ರ ಒಂದು ಸಾಧನೆ ‘ಮೈಲ್‌ಸ್ಟೋನ್’ ಆಗುತ್ತದೆ. ನಿವೃತ್ತಿಯ ಭಾಷಣದಲ್ಲಿ ‘ದಿಸ್ ಈಸ್ ಎ ಮೈಲ್‌ಸ್ಟೋನ್’ ಎನ್ನಬಹುದು, ಏಕೆಂದರೆ ಬದುಕು ಮುಂದುವರಿಯುತ್ತದೆ. ಸೇತುವೆ ಕಟ್ಟಿ ಮುಗಿದ ದಿನ ಅದನ್ನು ‘ಕಂಪ್ಲೀಷನ್’ ಎನ್ನುವುದೇ ಸರಿ. ‘ಅಟ್ ಎ ಕ್ರಾಸ್‌ರೋಡ್ಸ್’ ಎಂಬುದಕ್ಕೂ ಇಂಥದೇ ಎಚ್ಚರ ಬೇಕು. ಅದು ಅರ್ಧದಾರಿಯಲ್ಲ, ಯಾವ ಕಡೆ ಹೋಗಬೇಕೆಂದು ತೀರ್ಮಾನಿಸಲೇಬೇಕಾದ ಜಾಗ.

ಕುಮಟೆಗೆ ಬಂದು ರೈಲಿಗೆ ಕಾಯುವಾಗ ಮಾತಿನ ಬೇರೊಂದು ಗುಂಪೇ ಎದುರಾಗುತ್ತದೆ. ರೋಹಾದಿಂದ ತೋಕೂರಿನವರೆಗೆ 741 ಕಿಲೋಮೀಟರ್ ಉದ್ದದ ಕೊಂಕಣ ರೈಲುಮಾರ್ಗ 1998ರ ಜನವರಿ 26ರಂದು ಪೂರ್ತಿಯಾಗಿ ತೆರೆದುಕೊಂಡಿತು. ಹೊನ್ನಾವರದಲ್ಲಿ ಶರಾವತಿಯ ಮೇಲಿರುವ ಎರಡು ಕಿಲೋಮೀಟರಿಗೂ ಮಿಕ್ಕಿದ ಸೇತುವೆ ಈ ಮಾರ್ಗದ ಅತಿ ಉದ್ದದ ಸೇತುವೆ. ಬಹುಪಾಲು ಒಂಟಿ ಹಳಿಯಾದ್ದರಿಂದ ಎದುರಿನ ಗಾಡಿಗೆ ದಾರಿ ಬಿಡಲು ರೈಲು ಸಣ್ಣ ನಿಲ್ದಾಣಗಳಲ್ಲಿ ನಿಂತು ಕಾಯುತ್ತದೆ. ‘ಕ್ರಾಸಿಂಗಿಗೆ ಹಾಕಿದ್ದಾರೆ’ ಎಂದು ನಾವೆಲ್ಲ ಹೇಳುವುದು ಇದನ್ನೇ. ಹೊರಗಿನ ಕೇಳುಗನಿಗೆ ಬರಿದೇ ‘ಕ್ರಾಸಿಂಗ್’ ಎಂದರೆ ರಸ್ತೆ ದಾಟುವ ಗೇಟು ನೆನಪಾಗುತ್ತದೆ; ‘ವಿ ಆರ್ ವೇಟಿಂಗ್ ಫಾರ್ ಅನದರ್ ಟ್ರೇನ್ ಟು ಪಾಸ್’ ಎಂದು ಬಿಡಿಸಿ ಹೇಳಬೇಕು. ಗಾಡಿ ತಡವಾಗಿದ್ದರೆ ‘ರನ್ನಿಂಗ್ ಲೇಟ್’. ಮಜಾ ಏನೆಂದರೆ ಇದನ್ನು ಮನುಷ್ಯರಿಗೂ ಹೇಳಬಹುದು. ‘ಐ ಆಮ್ ರನ್ನಿಂಗ್ ಲೇಟ್’ ಎಂದವರು ಓಡುತ್ತಿರಬೇಕೆಂದಿಲ್ಲ. ಒಂದರಿಂದ ಇಳಿದು ಇನ್ನೊಂದನ್ನು ಹಿಡಿಯಬೇಕಾದಾಗ ಆ ಎರಡನೆಯದು ‘ಕನೆಕ್ಷನ್’: ‘ದ ಬಸ್ ವಾಸ್ ಲೇಟ್ ಅಂಡ್ ಐ ಮಿಸ್ಡ್ ಮೈ ಕನೆಕ್ಷನ್’. ಶಿರಸಿಗೆ ರೈಲಿಲ್ಲದ ಕಾರಣ ಈ ವಾಕ್ಯ ನಮ್ಮೂರವರಿಗೆ ಮೇಲಿಂದ ಮೇಲೆ ಬೇಕಾಗುತ್ತದೆ.

ಇಡೀ ಪ್ರಯಾಣದ ಒಂದೊಂದು ತುಂಡಿಗೆ ‘ಲೆಗ್’ ಎಂಬ ಹೆಸರು. ಶಿರಸಿಯಿಂದ ಕುಮಟೆಯವರೆಗೆ ಮೊದಲ ‘ಲೆಗ್’, ಕುಮಟೆಯಿಂದ ಕಾರವಾರಕ್ಕೆ ಎರಡನೆಯದು. ಇಲ್ಲಿ ವಿದ್ಯಾರ್ಥಿಗಳು ಬಹಳ ಎಚ್ಚರ ವಹಿಸಬೇಕಾದ ಒಂದು ಜೋಡಿಯಿದೆ. ‘ವಿ ಆರ್ ಆನ್ ದ ಲಾಸ್ಟ್ ಲೆಗ್’ ಎಂದರೆ ಪ್ರಯಾಣದ ಕೊನೆಯ ಹಂತದಲ್ಲಿದ್ದೇವೆ. ‘ದ ಬಸ್ ಈಸ್ ಆನ್ ಇಟ್ಸ್ ಲಾಸ್ಟ್ ಲೆಗ್ಸ್’ ಎಂದರೆ ಆ ಬಸ್ಸಿನ ಆಯುಷ್ಯ ಮುಗಿಯುತ್ತ ಬಂದಿದೆ. ಬಹುವಚನದ ಒಂದು ‘ಸ್’ ಇಡೀ ಅರ್ಥವನ್ನು ಬದಲಿಸಿಬಿಡುತ್ತದೆ. ಕೊನೆಯ ಹಂತಕ್ಕೇ ಇನ್ನೊಂದು ಮಾತು ‘ದ ಹೋಮ್ ಸ್ಟ್ರೆಚ್’, ಬ್ರಿಟನ್ನಿನವರಿಗೆ ‘ದ ಹೋಮ್ ಸ್ಟ್ರೇಟ್’. ಕುದುರೆ ಓಟದ ಮೈದಾನದಲ್ಲಿ ಕೊನೆಯ ತಿರುವು ದಾಟಿದ ಮೇಲೆ ಗುರಿಯವರೆಗೆ ಇರುವ ನೇರ ಹಾದಿ ಅದು. ಕೆಳಗಿನಿಂದ ಘಟ್ಟ ಹತ್ತಿ ಬರುವವರಿಗೆ ತಿರುವುಗಳೆಲ್ಲ ಮುಗಿದು ಹನುಮಂತಿ ದಾಟಿದಾಗ ಈ ಮಾತು ಚೆನ್ನಾಗಿ ಒಪ್ಪುತ್ತದೆ. ಕಾರವಾರದ ರೈಲು ನಿಲ್ದಾಣ ಪೇಟೆಯಲ್ಲಿಲ್ಲ, ಶಿರವಾಡದಲ್ಲಿದೆ. ಅಲ್ಲಿ ಇಳಿದು ಪೇಟೆಗೆ ರಿಕ್ಷಾ ಹಿಡಿಯುವ ಆ ಕೊನೆಯ ತುಂಡಿಗೆ ಈಗ ‘ಲಾಸ್ಟ್ ಮೈಲ್’ ಎನ್ನುತ್ತಾರೆ. ಅದರ ನಿಜವಾದ ದೂರ ಒಂದು ಮೈಲಿಯೇ ಆಗಿರಬೇಕಿಲ್ಲ. ದೊಡ್ಡ ವಾಹನ ನಮ್ಮನ್ನು ಬಿಟ್ಟ ಜಾಗದಿಂದ ನಮಗೆ ಬೇಕಾದ ಬಾಗಿಲವರೆಗಿನ ದಾರಿಯೆಲ್ಲವೂ ‘ಲಾಸ್ಟ್ ಮೈಲ್’.

ಕಾರವಾರದ ಕಡಲತೀರದಲ್ಲಿ ನಿಂತರೆ ಇನ್ನೂ ಎರಡು ಮಾತುಗಳು ಕಣ್ಣಿಗೇ ಕಾಣುತ್ತವೆ. ದಡದಿಂದ ನೋಡಿದಾಗ ದೂರದಲ್ಲಿ ಕಾಣುವ ಕಡಲಿನ ಭಾಗಕ್ಕೆ ಹಳೆಯ ನಾವಿಕರು ‘ಆಫಿಂಗ್’ ಎನ್ನುತ್ತಿದ್ದರು. ಅಲ್ಲಿ ಹಡಗು ಕಂಡಿತೆಂದರೆ ಅದು ಇನ್ನೂ ಬಂದರಿಗೆ ಮುಟ್ಟಿಲ್ಲ, ಆದರೆ ಬಹಳ ಹೊತ್ತಿಲ್ಲದೆ ಮುಟ್ಟುತ್ತದೆ. ‘ಎ ನ್ಯೂ ಲೈನ್ ಈಸ್ ಇನ್ ದ ಆಫಿಂಗ್’ ಎಂಬಂಥ ವಾಕ್ಯಗಳು ಅಲ್ಲಿಂದ ಬಂದವು. ಕನಸಿನಲ್ಲಿರುವ ಯೋಜನೆಗೆ ಇದನ್ನು ಬಳಸುವುದು ತಪ್ಪು. ಕಣ್ಣಿಗೆ ಕಾಣುವಷ್ಟು ಹತ್ತಿರ ಬಂದಿರಬೇಕು. ಇನ್ನೊಂದು ‘ಟಚ್ ಅಂಡ್ ಗೋ’. ನಮ್ಮ ನದಿಗಳ ಅಳಿವೆಗಳಲ್ಲಿ ಹೂಳು ತುಂಬಿದಾಗ ಮೀನುಗಾರಿಕೆಯ ದೋಣಿಯ ತಳ ಮರಳಿಗೆ ತಾಗಿ, ಒಂದು ಕ್ಷಣ ನಿಂತಿತೋ ಎನ್ನುವಂತಾಗಿ, ಮತ್ತೆ ಮುಂದೆ ಸಾಗುವುದನ್ನು ಹೊನ್ನಾವರದ ಮೀನುಗಾರರು ಚೆನ್ನಾಗಿ ಬಲ್ಲರು. ಹಡಗಿನವರು ಇಂಥ ಸ್ಥಿತಿಗೇ ‘ಟಚ್ ಅಂಡ್ ಗೋ’ ಎನ್ನುತ್ತಿದ್ದರು. ಉಳಿಯುತ್ತದೋ ಹೋಗುತ್ತದೋ ಎಂಬ ಸ್ಥಿತಿಗೆಲ್ಲ, ಆಸ್ಪತ್ರೆಯಲ್ಲಿರುವ ರೋಗಿಯ ವಿಷಯಕ್ಕೂ, ಇಂದು ಅದನ್ನು ಹೇಳುತ್ತಾರೆ.

ಭಟ್ಕಳದ ಕಡೆಯಿಂದ ಕೊಲ್ಲಿ ರಾಷ್ಟ್ರಗಳಿಗೆ ಹೋಗಿಬರುವವರು ಬಹಳ ಮಂದಿ ಇರುವುದರಿಂದ ವಿಮಾನದ ಒಂದು ಜೋಡಿಯನ್ನೂ ಹೇಳಿಬಿಡಬೇಕು. ಮುಂದಿನ ವಿಮಾನಕ್ಕಾಗಿ ನಡುವಿನ ಊರಿನಲ್ಲಿ ಕೆಲವು ತಾಸು ಕಾಯುವುದು ‘ಲೇಓವರ್’. ಅಂತರರಾಷ್ಟ್ರೀಯ ಟಿಕೆಟ್ಟುಗಳ ಲೆಕ್ಕದಲ್ಲಿ 24 ತಾಸಿಗಿಂತ ಹೆಚ್ಚು ಉಳಿದರೆ ‘ಸ್ಟಾಪ್‌ಓವರ್’. ಟಿಕೆಟ್ ಮಾಡಿಸುವಾಗ ಈ ಎರಡನ್ನು ಅದಲು ಬದಲು ಮಾಡಿದರೆ ದರದಲ್ಲಿಯೂ ವೀಸಾದಲ್ಲಿಯೂ ತೊಡಕಾಗಬಹುದು.

ಕೊನೆಗೆ ಮುಟ್ಟುವುದು. ‘ರೀಚ್ಡ್’ ಎಂಬ ಒಂದೇ ಪದದ ಸಂದೇಶ ನಮ್ಮ ಜಿಲ್ಲೆಯ ಎಷ್ಟೋ ತಾಯಂದಿರ ಫೋನಿಗೆ ಪ್ರತಿ ರಾತ್ರಿ ಬರುತ್ತಿರುತ್ತದೆ. ಅದನ್ನು ಬಿಡಬೇಕೆಂದು ನಾನು ಯಾರಿಗೂ ಹೇಳುವುದಿಲ್ಲ, ಮನೆಯೊಳಗೆ ಅದು ಪೂರ್ತಿ ಅರ್ಥ ಕೊಡುವ ಮಾತು. ಆದರೆ ಕಚೇರಿಗೋ ವಿದೇಶದವರಿಗೋ ಬರೆಯುವಾಗ ‘ರೀಚ್’ ಎಂಬುದರ ಮುಂದೆ ಊರಿನ ಹೆಸರೋ ಜಾಗವೋ ಇರಲೇಬೇಕು: ‘ಐ ಹ್ಯಾವ್ ರೀಚ್ಡ್ ಕಾರವಾರ’. ಜಾಗ ಹೇಳದಿದ್ದರೆ ‘ಐ ಹ್ಯಾವ್ ಅರೈವ್ಡ್’ ಅಥವಾ ‘ಐ ಆಮ್ ಹಿಯರ್’. ಊರಿಗಾದರೆ ‘ಅರೈವ್ಡ್ ಇನ್’, ನಿಲ್ದಾಣ ಅಥವಾ ಕಟ್ಟಡಕ್ಕಾದರೆ ‘ಅರೈವ್ಡ್ ಅಟ್’. ‘ಅರೈವ್ಡ್ ಟು’ ಎಂಬುದು ಎಲ್ಲಿಯೂ ಇಲ್ಲ. ರೈಲು ಎಷ್ಟು ಹೊತ್ತಿಗೆ ಬರುತ್ತದೆ ಎಂದು ಕೇಳಲು ‘ವಾಟ್ ಟೈಮ್ ಡಸ್ ಇಟ್ ಗೆಟ್ ಇನ್?’ ಎಂಬುದು ಸಹಜ. ಇನ್ನು ಘಟ್ಟ ಬಂದಾಗಿ, ಅರಬೈಲು ಸುತ್ತಿ, ಮಳೆಯಲ್ಲಿ ನೆನೆದು, ಸಂದರ್ಶನಕ್ಕೆ ಐದು ನಿಮಿಷ ಇರುವಾಗ ಬಾಗಿಲಿಗೆ ಬಂದು ನಿಂತವನಿಗೆ ಇಂಗ್ಲಿಷಿನಲ್ಲಿ ‘ಐ ಮೇಡ್ ಇಟ್’ ಎಂಬ ಮಾತಿದೆ. ಸುಮ್ಮನೆ ಬಂದು ಮುಟ್ಟಿದವನು ಅದನ್ನು ಹೇಳುವುದಿಲ್ಲ. ಬರಲಾಗದಿರುವ ಸಾಧ್ಯತೆಯೂ ಇತ್ತು ಎನ್ನುವಾಗ ಮಾತ್ರ ಅದು ಬಾಯಿಗೆ ಬರಬೇಕು. ಬರಲಾಗದಿದ್ದರೆ ಮೊದಲೇ ಫೋನ್ ಮಾಡಿ ‘ಐ ಆಮ್ ಅಫ್ರೈಡ್ ಐ ಕಾಂಟ್ ಮೇಕ್ ಇಟ್ ಟುಡೇ’ ಎಂದು ಹೇಳುವುದನ್ನೂ ಅದೇ ತರಗತಿಯಲ್ಲಿ ಕಲಿಸುತ್ತೇನೆ, ಏಕೆಂದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕಡೆಯವರಿಗೆ ಈ ಎರಡನೆಯ ವಾಕ್ಯದ ಅಗತ್ಯವೂ ಅಷ್ಟೇ ಇರುತ್ತದೆ.